ಅಂಚಿನಿಂದ ಒಳಗೆ

"ನಿಂದರ, ನಿಂದರ. ಯಾರ ಕೌದಿ ತಂಗಿ ಇದು?" ರಮಜಾನಬಿ ಕೈ ಅಡ್ಡ ಹಿಡಿದಳು.

ಭಾಗ್ಯಜ್ಯೋತಿ ತಾನು ಓದುತ್ತಿದ್ದ ಹಾಳೆಯನ್ನು ಮತ್ತೊಮ್ಮೆ ನೋಡಿದಳು. "ನಿಮ್ದ ಐತ್ರಿ ಅಮ್ಮಾ. ಕೆಂಪು ತುಂಡು ಹನ್ನೆರಡು, ಹಸರು ಎಂಟು, ಹಳದಿ ನಾಕು."

"ಸಂತ್ಯಾಗ ಉಳ್ಳಾಗಡ್ಡಿ ತೂಗಿದಂಗ ಹೇಳಾಕತ್ತೀಯಲ್ಲ! ಯಾವುದರ ಮಗ್ಗಲಕ ಯಾವುದು?"

ಸಿಂದಗಿಯ ಆ ಪಡಸಾಲೆಯಲ್ಲಿ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತ ಕೂತಿದ್ದ ಹೆಂಗಸರೆಲ್ಲ ನಕ್ಕರು. ಆ ಹೊಲಿಗೆ ಗುಂಪು ನಡೆಸುತ್ತಿದ್ದ ನಸ್ರೀನ ನಗಲಿಲ್ಲ. ರಮಜಾನಬಿಯ ತಲೆಯಲ್ಲಿ ನಲವತ್ತು ಕೌದಿಗಳ ವಿನ್ಯಾಸವಿತ್ತು. ಎಂಬತ್ತರ ಹತ್ತಿರದ ಆಕೆಗೆ ಈಚೆಗೆ ನೆನಪು ಕೈಕೊಡುತ್ತಿತ್ತು. ಆಕೆ ಮರೆಯುವುದರೊಳಗೆ ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸಬೇಕೆಂದು ನಸ್ರೀನ ಹಟ ಹಿಡಿದಿದ್ದಳು.

ಮೊದಲು ಅವಳು ಸಾದಾ ಟೆಕ್ಸ್ಟ್ ಫೈಲಿನಲ್ಲಿ, ಮುದುಕಿ ಹೇಳಿದ ಹಾಗೆಯೇ ಬರೆದುಕೊಳ್ಳುತ್ತಿದ್ದಳು. ಹೋದ ತಿಂಗಳು ಅವಳೂ ಭಾಗ್ಯಜ್ಯೋತಿಯೂ ಒಂದೇ ಫೈಲನ್ನು ಬೇರೆ ಬೇರೆ ಕಡೆ ಕೂತು ತಿದ್ದಿದರು. ನಸ್ರೀನ ಬರೆದದ್ದರ ಮೇಲೆ ಭಾಗ್ಯಜ್ಯೋತಿಯದು ಸೇವ್ ಆಗಿ ಮೂರು ಕೌದಿ ಅಳಿಸಿಹೋದವು. ಮತ್ತೆ ಕೇಳಿದಾಗ ರಮಜಾನಬಿಗೆ ಎರಡೇ ನೆನಪಾದವು.

ಸುದ್ದಿ ಕೇಳಿದ ಕಾಲೇಜಿನ ಕಂಪ್ಯೂಟರ್ ಮೇಷ್ಟ್ರು ಅನೀಲಕುಮಾರ, ಯಾರೂ ಕೇಳದಿದ್ದರೂ ತನ್ನ ರಜೆಯಲ್ಲೆಲ್ಲ ಕೂತು ಡೇಟಾಬೇಸ್ ಕಟ್ಟಿಕೊಟ್ಟಿದ್ದ. ಬಣ್ಣಕ್ಕೊಂದು ಖಾನೆ, ಅಳತೆಗೊಂದು ಖಾನೆ. ಮೂವರು ಒಟ್ಟಿಗೆ ಬರೆದರೂ ಏನೂ ಅಳಿಯದು. ಹೊಸದಾಗಿ ಒಂಬತ್ತು ಕೌದಿ ಅದರಲ್ಲಿ ಸೇರಿದ್ದವು. ಭಾಗ್ಯಜ್ಯೋತಿ ಓದಿದ್ದು ಅದರಿಂದ ತೆಗೆದ ಮೊದಲ ಹಾಳೆ; ಯಾವ ತುಂಡಿನ ಪಕ್ಕ ಯಾವುದು ಎಂಬ ಖಾನೆ ಅದರಲ್ಲಿರಲಿಲ್ಲ.

"ಇನ್ನೊಂದು ಖಾನಿ ಹಾಕ್ತೇನ್ರಿ. ಸಾಲಿನ ನಂಬರ," ಎಂದ ಅಲ್ಲೇ ಕೂತಿದ್ದ ಅನೀಲಕುಮಾರ.

"ಕೌದಿ ಸಾಲು ಹಿಡದು ಹೊಲಿಯಂಗಿಲ್ಲ ಸರ," ಎಂದಳು ನಸ್ರೀನ. " ಅಂಚಿನಿಂದ ಒಳಗ ಸುತ್ತಿಕೋಂತ ಹೋಗ್ತೇವಿ. ಒಂದೊಂದು ಒಂದೊಂದು ನಮೂನಿ ತಿರಗತೈತಿ."

"ಅದಕ್ಕೂ ಮಾಡಬಹುದ್ರಿ."

"ಸೋಮವಾರ ನಿಮಗ ಇಂಡಿ ಕಾಲೇಜಿಗೆ ವರ್ಗ. ಆಮ್ಯಾಲ ಯಾರ ಮಾಡಬೇಕು?"

ಟೆಕ್ಸ್ಟ್ ಫೈಲಿನಿಂದಲೇ ಆ ಒಂದು ಕೌದಿ ಕಳೆದುಹೋದದ್ದನ್ನು ನಸ್ರೀನ ಮರೆತಿರಲಿಲ್ಲ. ಆದರೂ ನಿರ್ಧಾರ ಮಾಡಿಬಿಟ್ಟಳು.

"ಟೆಕ್ಸ್ಟ್ ಫೈಲೇ ಇರಲಿ. ಒಂದು ಕೌದಿಗೆ ಒಂದ ಫೈಲ್. ಬರದದ್ದನ್ನ ಯಾರೂ ತಿದ್ದಂಗಿಲ್ಲ. ತಪ್ಪಿದ್ರ ಹೆಸರು, ತಾರೀಖು ಹಾಕಿ ಹೊಸಾದು ಬರಿಯೋದು. ಎಲ್ಲಾರ ಫೋನಿನ್ಯಾಗೂ ಒಂದೊಂದು ಪ್ರತಿ."

"ನಾ ಸುದ್ದಾ ಬರೀಬೇಕಾ?" ಎಂದಳು ಭಾಗ್ಯಜ್ಯೋತಿ.

"ನೀನಽ ಮೊದಲು. ಅಳಿಸಿದಾಕಿಗೆ ಕಾಳಜಿ ಹೆಚ್ಚಿರತೈತಿ."

ಆಮೇಲೆ ನಸ್ರೀನ ಅನೀಲಕುಮಾರನ ಕಡೆ ತಿರುಗಿದಳು. "ನಿಮ್ಮ ರಜಾ ಎಲ್ಲಾ ಹಾಳ ಮಾಡಿದೆ ಸರ."

"ಹಾಳೇನ್ ಬಂತ್ರಿ? ಹೆಂಗ ಹೊಲೀತೀರಂತ ನಾನಽ ಮೊದಲ ಕೇಳಬೇಕಿತ್ತು." ಅವನು ಖಾಲಿ ಫೈಲೊಂದನ್ನು ತೆರೆದು, ಲ್ಯಾಪ್‌ಟಾಪನ್ನು ಅವಳತ್ತ ಸರಿಸಿದ.

"ಅಮ್ಮಾ, ಆ ಒಂಬತ್ತೂ ಮತ್ತ ಹೇಳಬೇಕಾಗತೈತ್ರಿ. ಇವತ್ತಽ," ಎಂದಳು ನಸ್ರೀನ.

"ಹೇಳ್ತೇನಿ. ಬಾಯಿ ಒಣಗಿದ್ರ ಚಹಾ ಕೊಡಬೇಕ ನೋಡು."

ರಮಜಾನಬಿ ಕಣ್ಣು ಮುಚ್ಚಿದಳು. ಬೆರಳು ಮೊಣಕಾಲಿನ ಮೇಲೆ ಮೆಲ್ಲಗೆ ಹೊರಳಿತು. "ಮೂಲ್ಯಾಗ ಕೆಂಪು. ಅದರ ಮಗ್ಗಲಕ ಹಸರು. ಅದರ ಮಗ್ಗಲಕ..."

ಬೆರಳು ನಿಂತಿತು. ನಸ್ರೀನ ಕೀಲಿಗಳ ಮೇಲೆ ಕೈಯಿಟ್ಟುಕೊಂಡು ಕಾದಳು.

"...ಹಳದಿ. ಹೌದು, ಹಳದಿ."

ನಸ್ರೀನ ಬರೆದಳು. ಮಗ್ಗುಲಲ್ಲಿ ಅನೀಲಕುಮಾರ, ಮುದುಕಿಯ ಸೂಜಿಗಳಿಗೆ ಒಂದೊಂದಾಗಿ ದಾರ ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದ.