ಸೇತುವೆಯ ಮೇಲೆ ಹೇಳಿದ ಹೆಸರು

ಜುಲ್ಹುಮೋರ್ ಮದುವೆಯ ಉಡುಪು ಹೊಲಿಯುವವಳು. ಖುಜಂದ್ ನಗರದ ಬಜಾರಿನ ಹಿಂದಿನ ಓಣಿಯಲ್ಲಿ ಅವಳ ಮನೆ. ಹೊಲಿಗೆ ಯಂತ್ರದ ಪಕ್ಕದಲ್ಲೇ ಇರುತ್ತಿದ್ದ ಫೋನು ಗಿರಾಕಿಗಳ ಪ್ರಶ್ನೆಗಳಿಂದ ದಿನವಿಡೀ ಗುಂಯ್‌ಗುಡುತ್ತಿತ್ತು. ತೋಳು ಇಷ್ಟುದ್ದ ಸಾಕೇ, ಕುತ್ತಿಗೆಗೆ ಮುತ್ತು ಬೇಕೇ, ಈ ವಿಡಿಯೋದ ಹುಡುಗಿ ಹಾಕಿರುವಂಥದ್ದೇ ಆಗುತ್ತದೆಯೇ. ಆಚೆ ಕೋಣೆಯಲ್ಲಿ ಗಂಡ ಫೈಜಲಿ. ವರ್ಷಗಟ್ಟಲೆ ಮಿನಿಬಸ್ಸು ಓಡಿಸಿ, ಮಂಡಿನೋವು ಬಂದ ಮೇಲೆ ಮನೆ ಹಿಡಿದವನು. ಟಿವಿಯಲ್ಲೊಂದು ಫುಟ್‌ಬಾಲ್ ಪಂದ್ಯ, ಕೈಯ ಫೋನಿನಲ್ಲಿ ಇನ್ನೊಂದು. ಮಗಳು ಸಬೋಹತ್ ಮದುವೆಯಾಗಿ ರಾಜಧಾನಿ ದುಶಾಂಬೆಗೆ ಹೋದ ಮೇಲಂತೂ ಗಂಡ ಹೆಂಡತಿ ಎದುರುಬದುರು ಕೂತು ಉಂಡರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ಸಂಜೆ ಜುಲ್ಹುಮೋರ್ ಮಾಂಸದ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಇಬ್ಬರೂ ಬಟ್ಟಲು ಖಾಲಿ ಮಾಡಿ ಎದ್ದರು. ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಾಲಿಗೆಗೆ ಹಚ್ಚಿದಾಗಲೇ ಅವಳಿಗೆ ಗೊತ್ತಾದದ್ದು.

"ರೀ, ಇಬ್ರೂ ಉಪ್ಪಿಲ್ಲದ ಸಾರು ಕುಡಿದಿದ್ದೀವಿ. ನಾಲಿಗೇನೇ ಸತ್ತೋಯ್ತಾ ನಮ್ದು?"

"ಡಾಕ್ಟ್ರು ಉಪ್ಪು ಕಮ್ಮಿ ಮಾಡಿ ಅಂದಿರ್ಲಿಲ್ವಾ? ಒಳ್ಳೇದೇ ಆಯ್ತು ಬಿಡು," ಎಂದ ಫೈಜಲಿ, ಪರದೆಯಿಂದ ಕಣ್ಣು ತೆಗೆಯದೆ.

"ನಗಬೇಡಿ. ನಾಳೆಯಿಂದ ಊಟ ಆದ್ಮೇಲೆ ಹೊಳೆ ಕಡೆ ಹೋಗೋಣ. ಎರಡು ಫೋನೂ ಮನೇಲೇ ಇರ್ಲಿ."

ಅವನು ಕೊಸರಾಡುತ್ತಾನೆ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಮರುದಿನ ತಾನೇ ಎರಡೂ ಫೋನುಗಳನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿ, "ತಗೊಳ್ಳಿ ಜೈಲರ್ ಸಾಹೇಬ್ರೇ," ಎಂದ.

ಹೀಗೆ ಆ ಶರತ್ಕಾಲದಲ್ಲಿ ಅವರ ನಡಿಗೆ ಶುರುವಾಯಿತು. ಸಿರ್‌ದರಿಯಾ ಹೊಳೆಯ ದಂಡೆ ಹಿಡಿದು ಸೇತುವೆಯವರೆಗೆ ಹೋಗಿ ಬರುವುದು, ಅಷ್ಟೇ. ಮೂಲೆಯ ತಂದೂರಿನಿಂದ ಎಳ್ಳು ಹಚ್ಚಿದ ರೊಟ್ಟಿಯ ವಾಸನೆ ಬರುತ್ತಿತ್ತು. ಕರಬೂಜ ಮಾರುವವನು ತನ್ನ ಹಣ್ಣಿನ ರಾಶಿಗೇ ಒರಗಿ ಗೊರಕೆ ಹೊಡೆಯುತ್ತಿದ್ದ. ಒಂದು ಮೀನೂ ಸಿಗದ ಮುದುಕರು ಗಾಳ ಹಾಕಿಕೊಂಡು ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಜುಲ್ಹುಮೋರ್ ನೋಡಿದ್ದನ್ನೆಲ್ಲ ಹೇಳುತ್ತಿದ್ದಳು, ಫೈಜಲಿ ಹೂಂಗುಡುತ್ತಿದ್ದ. ಮಧ್ಯಾಹ್ನ ಹೊಲಿಯುವಾಗಲೇ, ಇವತ್ತು ಇದನ್ನು ಅವರಿಗೆ ಹೇಳಬೇಕು ಎಂದು ಒಂದೊಂದು ಮಾತನ್ನು ಎತ್ತಿಡತೊಡಗಿದಳು. ಇಷ್ಟು ಸಣ್ಣದರಲ್ಲಿ ಇಷ್ಟು ಸುಖವಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ ಎನ್ನಿಸುತ್ತಿತ್ತು.

ಚಳಿ ಬಂತು. ಫೈಜಲಿ ಕಿವಿ ಮುಚ್ಚುವ ತುಪ್ಪಳದ ಟೋಪಿ ಹಾಕಿ, ಕುತ್ತಿಗೆಗೆ ಉಣ್ಣೆಯ ಶಾಲು ಸುತ್ತಿ ಬರುತ್ತಿದ್ದ.

ಅಂಥದೊಂದು ಸಂಜೆ ಸೇತುವೆಯ ಮೇಲೆ ಎಳೆಯ ತಾಯಿಯೊಬ್ಬಳು ಮಗುವನ್ನು ಎದೆಗೊತ್ತಿಕೊಂಡು ಅವರನ್ನು ದಾಟಿ ಹೋದಳು. ಜುಲ್ಹುಮೋರ್ ಕಂಬಿ ಹಿಡಿದು ನಿಂತಳು. ಸಬೋಹತ್‌ಗೂ ಮೊದಲು ಅವರಿಗೊಂದು ಹೆಣ್ಣುಮಗು ಹುಟ್ಟಿತ್ತು, ಉಸಿರಿಲ್ಲದೆ. ಆಗ ಫೈಜಲಿ ದುಡಿಯಲು ರಷ್ಯಾಕ್ಕೆ ಹೋಗಿದ್ದ. ಅವನು ಮರಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಮಾತು ಎತ್ತಕೂಡದೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದಳು. ಅವಳು ಎತ್ತಿರಲಿಲ್ಲ; ಅವನೂ ಕೇಳಿರಲಿಲ್ಲ.

"ಆಸ್ಪತ್ರೆಯಲ್ಲಿ ಒಬ್ಳು ನರ್ಸು ಮಗೂನ ಒಂದು ಗಳಿಗೆ ನನ್ನ ಕೈಗೆ ಕೊಟ್ಲು," ಎಂದಳು ನೀರನ್ನೇ ನೋಡುತ್ತ. "ಟವೆಲ್‌ನಲ್ಲಿ ಸುತ್ತಿದ್ರು. ಮೂಗು ಥೇಟ್ ನಿಮ್ದೇ. ನಾನು ಅದರ ಕಿವೀಲಿ ಹೆಸರು ಹೇಳ್ದೆ. ಮೊಹ್ತೋಬ್ ಅಂತ. ಯಾರಿಗೂ ಹೇಳಿಲ್ಲ ಇದನ್ನ. ಇವತ್ತು ನಿಮಗೆ ಹೇಳ್ತಿದ್ದೀನಿ."

ಫೈಜಲಿ ಅವಳ ಕೈ ಹಿಡಿದುಕೊಂಡ. ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದ. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟ, ಕಣ್ಣು ಒದ್ದೆಯಾಗಿತ್ತು. ಆ ರಾತ್ರಿ ಜುಲ್ಹುಮೋರ್ ಮೈಮರೆತು ನಿದ್ದೆ ಮಾಡಿದಳು. ಒಬ್ಬಳೇ ಹೊತ್ತಿದ್ದಕ್ಕೆ ಇನ್ನೊಂದು ಹೆಗಲು ಸಿಕ್ಕಿತ್ತು.

ಚಳಿ ಕಳೆಯುವ ಹೊತ್ತಿಗೆ, ಒಂದು ಶುಕ್ರವಾರ ಫೈಜಲಿಯ ಹಳೆಯ ಗೆಳೆಯ ಅಸ್ರೋರ್ ಊಟಕ್ಕೆ ಬಂದ. ಅವನೂ ಮಿನಿಬಸ್ಸಿನವನೇ; ಬಾಯಿ ಜೋರು. ಪಲಾವಿನ ತಟ್ಟೆ ಮುಂದಿಟ್ಟ ಜುಲ್ಹುಮೋರ್‌ಳನ್ನು ನೋಡಿ ನಕ್ಕ.

"ಅತ್ತಿಗೆ, ಬೆರಳೆಲ್ಲ ಸರಿಯಾಗಿದಾವಾ?"

"ಯಾಕೆ, ಏನಾಗ್ಬೇಕಿತ್ತು?"

"ಕಪ್ ಫೈನಲ್ ದಿನ, ನಮ್ಮೂರ ಟೀಮು ಕೊನೇ ಪೆನಾಲ್ಟಿ ಹೊಡೆಯುವಾಗ, ಈ ಪುಣ್ಯಾತ್ಮ ಸೇತುವೆ ಮೇಲೆ ನಿಮ್ಮ ಕೈನ ಹಿಂಡಿ ಹಿಪ್ಪೆ ಮಾಡಿದ್ನಂತಲ್ಲ! ಕಿರಿಚೋ ಹಾಗಿಲ್ಲ, ಕುಣಿಯೋ ಹಾಗಿಲ್ಲ, ಅಳೂನೇ ಬಂದ್ಬಿಡ್ತು ಅಂದ. ಟೋಪಿಯೊಳಗೆ ಇಯರ್‌ಫೋನು, ಜೇಬಲ್ಲಿ ಹಳೇ ಬಟನ್ ಫೋನಿನ ರೇಡಿಯೋ. ಚಳಿಗಾಲ ಪೂರ್ತಿ ಒಂದು ಮ್ಯಾಚೂ ಬಿಟ್ಟಿಲ್ಲ ಕಳ್ಳ!"

"ಏ ಅಸ್ರೋರ್, ಸುಮ್ನೆ ತಿನ್ನೋ," ಎಂದ ಫೈಜಲಿ. ಅವನ ಮುಖ ಬಿಳುಪೇರಿತ್ತು.

ಜುಲ್ಹುಮೋರ್ ಅತಿಥಿಗೆ ಚಹಾ ಬಗ್ಗಿಸಿದಳು. ಅವನು ಹೋಗುವವರೆಗೂ ನಗುಮುಖದಲ್ಲೇ ಇದ್ದಳು. ಬಾಗಿಲು ಹಾಕಿ ಬಂದು ಗಂಡನ ಎದುರು ಕೂತಳು.

"ಆವತ್ತು ನಾನು ಏನು ಹೇಳ್ತಿದ್ದೆ?"

"ಯಾವತ್ತು?"

"ನನ್ನ ಕೈ ಹಿಡಿದ್ರಲ್ಲ, ಆವತ್ತು."

ಫೈಜಲಿ ಗಡ್ಡ ಕೆರೆದುಕೊಂಡ. "ಅದೇ... ಸಬೋಹತ್‌ಳ ಅತ್ತೆ ವಿಷಯ ಅಲ್ವಾ?"

ಅವಳು ಮುಂದಿದ್ದ ಖಾಲಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಎಲ್ಲಾ ದಿನ ಹಾಗೆ ಮಾಡಿಲ್ಲ ಕಣೇ. ಮ್ಯಾಚ್ ಇದ್ದಾಗ ಮಾತ್ರ. ನೀನು ಮಾತಾಡ್ತಾ ಮಾತಾಡ್ತಾ ಎಷ್ಟು ಖುಷಿಯಾಗಿರ್ತಿದ್ದೆ! ಅದನ್ನ ಕೆಡಿಸೋದು ಯಾಕೆ ಅಂತ... ಹೋಗ್ಲಿ, ಈಗ ಹೇಳು. ಟಿವೀನೂ ಆರಿಸ್ತೀನಿ. ಪೂರ್ತಿ ಕೇಳ್ತೀನಿ."

ಟಿವಿ ಆರಿಸಿ, ಮಂಡಿಯ ಮೇಲೆ ಕೈಯಿಟ್ಟು, ನಿಜವಾಗಿಯೂ ಕೇಳಲು ಕೂತ. ಜುಲ್ಹುಮೋರ್ ಬಾಯಿ ತೆರೆದಳು. ಆ ಹೆಸರು ನಾಲಿಗೆಗೆ ಬರಲಿಲ್ಲ. ಇನ್ನೊಮ್ಮೆ ಹೇಳಿದರೆ ಅದು ಸುದ್ದಿಯಾಗುತ್ತಿತ್ತು, ಅಷ್ಟೇ.

"ಅದನ್ನ ಹೇಳಾಯ್ತು ನಾನು," ಎಂದಳು. "ಕೇಳಿಸ್ಕೊಂಡಿದ್ದು ಹೊಳೆ."

ಆ ಸಂಜೆ ಒಬ್ಬಳೇ ಹೋದಳು. ಚಳಿಗಾಲದ ಒಂದೊಂದು ಸಂಜೆಯನ್ನೂ ಎತ್ತಿ ನೋಡಿದಳು: ಯಾವ ಹೂಂ ತನ್ನದು, ಯಾವುದು ಆಟದ್ದು? ಅವನು ನಕ್ಕದ್ದು ತನ್ನ ಮಾತಿಗೋ, ಯಾರೋ ಗೋಲು ಹೊಡೆದದ್ದಕ್ಕೋ? ಒಂದನ್ನೂ ಬಿಡಿಸಲಾಗಲಿಲ್ಲ. ದಂಡೆಯ ಮರಗಳಲ್ಲಿ ಚಿಗುರು ಕಾಣುತ್ತಿತ್ತು. ನೀರಿನ ಮೇಲೆ ಬೆಳಕು ಚೆನ್ನಾಗಿಯೇ ಇತ್ತು. ಅವನಿಲ್ಲದೆಯೂ ಎಲ್ಲ ಅಷ್ಟೇ ಚೆನ್ನಾಗಿದೆ ಎನ್ನುವುದು ಸಮಾಧಾನ ಕೊಡುವ ಬದಲು ಅವಳಿಗೆ ಅಳು ತರಿಸಿತು. ಕಂಬಿಗೆ ಒರಗಿ, ಹೋಗಿಬರುವವರ ಕಣ್ಣಿಗೆ ಬೀಳುವ ಹಾಗೆಯೇ ಅತ್ತಳು.

ಅಲ್ಲಿಂದಾಚೆ ಫೈಜಲಿ ದಿನಾ ಸಂಜೆ ಬಾಗಿಲಲ್ಲಿ ನಿಂತು, "ನಾನೂ ಬರ್ಲಾ?" ಎಂದು ಕೇಳುತ್ತಿದ್ದ. ಬಹಳ ದಿನ ಅವಳು ಬೇಡವೆಂದಳು. ಏಪ್ರಿಕಾಟ್ ಹೂವೆಲ್ಲ ಉದುರಿದ ಮೇಲೆ ಒಂದು ದಿನ, "ಬನ್ನಿ," ಎಂದಳು.

ಈಗ ಇಬ್ಬರೂ ಹೋಗುತ್ತಾರೆ. ಅವನು ಬರಿತಲೆಯಲ್ಲಿ, ಅವಳತ್ತ ಕಿವಿ ವಾಲಿಸಿಕೊಂಡು ನಡೆಯುತ್ತಾನೆ. ಅವಳು ದಾರದ ಬೆಲೆ, ಪಕ್ಕದ ಮನೆಯ ಬೆಕ್ಕು, ನಾಳೆಯ ಅಡುಗೆ, ಇಂಥದ್ದೆಲ್ಲ ಹೇಳುತ್ತಾಳೆ. ಆಮೇಲೆ ಸುಮ್ಮನಾಗುತ್ತಾಳೆ.

"ಏನಂದೆ?" ಎಂದು ಅವನು ಗಾಬರಿಯಿಂದ ಕೇಳುತ್ತಾನೆ.

"ಏನೂ ಅನ್ಲಿಲ್ಲ."

ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಕೇಳುತ್ತಾನೆ.