ಜೋಡಿ ಪೊಟ್ಟಣ

ನಮ್ಮಮ್ಮನಿಗೆ ಒಂಟಿ ಮಾತ್ರೆ ಎಂದರೆ ಆಗದು. ಅಪ್ಪನ ಎದೆಬಡಿತದ್ದೊಂದು, ಬಿಪಿಯದೊಂದು, ಎರಡನ್ನೂ ಒಂದೇ ಕಾಗದದಲ್ಲಿ ಮಡಿಸಿ ವಾರಕ್ಕಾಗುವಷ್ಟು ಪೊಟ್ಟಣ ಕಟ್ಟಿಡುತ್ತಾಳೆ. ಬಡಗಿ ಅಪ್ಪ ಮರದ ಹೊಟ್ಟು ಮೆತ್ತಿದ ಅಂಗೈ ಚಾಚಿ, ಇದ್ದದ್ದನ್ನು ನೋಡದೆಯೇ ಬಾಯಿಗೆ ಹಾಕಿಕೊಳ್ಳುತ್ತಾನೆ.

"ನಿಮ್ಮಮ್ಮ ಕಲ್ಲು ಕೊಟ್ರೂ ನುಂಗ್ತೀನಿ ಕಣೇ" ಎಂದು ನಗುತ್ತಾನೆ.

ಅಪ್ಪನ ಹರ್ನಿಯಾ ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು ಮಂಚದ ಪಕ್ಕ ನಿಂತು ಬಿಡಿಸಿ ಹೇಳಿದರು. "ಬಡಿತದ ಮಾತ್ರೆ ನಿಲ್ಲಿಸ್ಬಾರ್ದು, ಬೆಳಿಗ್ಗೆ ಒಂದೇ ಗುಟುಕು ನೀರಲ್ಲಿ ತಗೊಳ್ಳಿ. ಬಿಪಿ ಮಾತ್ರೆ ಮಾತ್ರ ಬೇಡ. ಅರಿವಳಿಕೆ ಔಷಧಿನೂ ಬಿಪಿ ಇಳಿಸತ್ತೆ. ಎರಡೂ ಸೇರಿದ್ರೆ ಮೇಲೆತ್ತೋದು ಕಷ್ಟ."

ಅಮ್ಮ ತಲೆಯಾಡಿಸಿದಳು. ಡಾಕ್ಟರು ಏನಂದರೂ ಅವಳು ತಲೆಯಾಡಿಸುತ್ತಾಳೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ.

ಬೆಳಿಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ಅಪ್ಪನನ್ನು ಒಳಗೆ ಕರೆದೊಯ್ದಿದ್ದರು. "ಮಾತ್ರೆ ಕೊಟ್ಟೆ, ಒಂದೇ ಗುಟುಕು ನೀರು" ಎಂದಳು ಅಮ್ಮ, ಪರೀಕ್ಷೆ ಪಾಸಾದವಳಂತೆ. ಸದ್ಯ, ನೆನಪಿಟ್ಟಳಲ್ಲ ಎಂದುಕೊಂಡೆ.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದರು. ಅರಿವಳಿಕೆ ಕೊಟ್ಟ ಕೂಡಲೇ ಬಿಪಿ ಕುಸಿಯಿತಂತೆ. ಒಂದರ ಮೇಲೊಂದು ಔಷಧಿ ಕೊಟ್ಟರೂ ಏರಲಿಲ್ಲವಂತೆ. ಮಿದುಳಿಗೆ ರಕ್ತ ಸಾಲದೆ ಹೋಗಿದೆ, ಎಚ್ಚರವಾಗುತ್ತದೆಂದು ಹೇಳಲಾರೆ ಎಂದರು.

"ಬಿಪಿ ಮಾತ್ರೆ ತಗೊಂಡಿಲ್ಲ ತಾನೇ ಅಂತ ಒಳಗೆ ಕೇಳ್ದೆ. ಇಲ್ಲ ಅಂದ್ರು."

ನುಂಗಿದ್ದನ್ನು ನೋಡಿದ್ದರೆ ತಾನೇ ಅಪ್ಪನಿಗೆ ಗೊತ್ತಿರುವುದು. ನಾನು ಅಮ್ಮನ ಕಡೆ ತಿರುಗಿದೆ.

"ಯಾವ ಮಾತ್ರೆ ಕೊಟ್ಟೆ?"

"ಯಾವ್ದು ಅಂದ್ರೇನೇ? ದಿನಾ ಕೊಡೋ ಪೊಟ್ಟಣ."

ಡಾಕ್ಟರು ನೆಲ ನೋಡಿದರು. ಅಮ್ಮ ನಮ್ಮಿಬ್ಬರ ಮುಖವನ್ನೂ ನೋಡಿದಳು, ಅವಳಿಗೆ ಏನೂ ಹೊಳೆಯಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ಸಲ ಹೇಳಬೇಕು ನಿನಗೆ ಎಂದು ಚೀರುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚೀರಿದರೆ ಇವಳೂ ಉಳಿಯುವುದಿಲ್ಲ. ಆ ಮಾತನ್ನು ನುಂಗಿಕೊಂಡೆ.

ಅಂದಿನಿಂದ ಐಸಿಯು ಬಾಗಿಲೇ ನಮ್ಮ ಮನೆ. ಅಪ್ಪ ಕೊಳವೆಯಲ್ಲಿ ಉಸಿರಾಡುತ್ತಾನೆ, ಕಣ್ಣು ತೆರೆಯುವುದಿಲ್ಲ. ಇನ್ನು ಮುಂದೆ ತೆರೆಯುವುದೂ ಇಲ್ಲ, ನನಗೆ ಗೊತ್ತು.

ಇವತ್ತು ಬೆಳಿಗ್ಗೆ ಅಮ್ಮ ಸೆರಗಿನ ಗಂಟು ಬಿಚ್ಚಿ ಪೊಟ್ಟಣ ತೆಗೆದಳು.

"ನರ್ಸಮ್ಮ ನನ್ನ ಒಳಗೆ ಬಿಡ್ತಿಲ್ಲ ಕಣೇ. ನೀನಾದ್ರೂ ಕೊಟ್ಟು ಬಾ. ಇಷ್ಟು ವರ್ಷ ಒಂದು ದಿನ ತಪ್ಪಿಸ್ದೋಳಲ್ಲ ನಾನು. ಈಗ ತಪ್ಪಿ ನಿಮ್ಮಪ್ಪಂಗೆ ಏನಾದ್ರೂ ಆದ್ರೆ?"

ನಾನು ಅಂಗೈ ಚಾಚಿದೆ.