ಸುಗಂಧಾಳ ಪುಟಕ್ಕೆ ಬಂದವರು

ಅಥಣಿಯ ಬಸ್ ಸ್ಟ್ಯಾಂಡಿನ ಎದುರು ಒಂದು ಕೋಣೆ ಹಿಡಿದು ಜೈನ ಸಮಾಜದ ವಧು-ವರರ ವೆಬ್‌ಸೈಟ್ ನಡೆಸುವ ಮಯೂರಿಗೆ ಆ ವಾರ ತಲೆ ಕೆಟ್ಟು ಹೋಗಿತ್ತು. ತಾಲೂಕಿನ ಯಾವ ಮನೆಯ ಹುಡುಗನಿಗೆ ಎಷ್ಟು ಎಕರೆ, ಯಾವ ಹುಡುಗಿ ಯಾರನ್ನು ಯಾಕೆ ಒಲ್ಲೆ ಎಂದಳು ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಅಂಥವಳಿಗೆ ಸ್ವಂತ ಅಕ್ಕನ ಪುಟ ಯಾರು ನೋಡುತ್ತಿದ್ದಾರೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಅಕ್ಕ ಸುಗಂಧಾ ಗಂಡನನ್ನು ಕಳೆದುಕೊಂಡು ಮೂರು ವರ್ಷವಾಗಿತ್ತು. ಕಾಗವಾಡದಲ್ಲಿ ಅತ್ತೆ ಮಂಗಲಾಬಾಯಿಯವರ ಜೊತೆಗೇ ಉಳಿದು ದ್ರಾಕ್ಷಿ ತೋಟ ನೋಡಿಕೊಳ್ಳುತ್ತಿದ್ದಳು. ಮರುಮದುವೆಗೆ ಅವಳನ್ನು ಒಪ್ಪಿಸುವಷ್ಟರಲ್ಲಿ ಮಯೂರಿಗೆ ಸಾಕುಸಾಕಾಗಿತ್ತು. ಒಪ್ಪಿದ್ದೂ ಒಂದು ಕರಾರಿನ ಮೇಲೆ. ಸಂಬಂಧ ಗಟ್ಟಿಯಾಗುವವರೆಗೆ ಅತ್ತೆಗೆ ಸುದ್ದಿ ಮುಟ್ಟಬಾರದು. ಊರವರ ಬಾಯಿಗೆ ಬಿದ್ದರೆ ಅವತ್ತೇ ಪುಟ ತೆಗೆಯಬೇಕು, ಮತ್ತೆಂದೂ ಮದುವೆಯ ಮಾತು ಎತ್ತಬಾರದು.

ಈಗ ನೋಡಿದರೆ ಆ ಪುಟಕ್ಕೆ ಜನವೋ ಜನ. ಬೇರೆ ಹುಡುಗಿಯರ ಪುಟಕ್ಕೆ ಬಂದವರು ಗೂಗಲ್‌ನಿಂದ ಬಂದರೋ ಫೇಸ್‌ಬುಕ್‌ನಿಂದ ಬಂದರೋ ಎಂದು ವೆಬ್‌ಸೈಟಿನ ವರದಿ ಒಪ್ಪವಾಗಿ ಹೇಳುತ್ತದೆ. ಸುಗಂಧಾಳ ಹೆಸರಿನ ಮುಂದೆ ಮಾತ್ರ ಒಂದೇ ಶಬ್ದ, 'ಡೈರೆಕ್ಟ್'. ಎಲ್ಲಿಂದ ಬಂದರೋ ನನಗೇನು ಗೊತ್ತು ಎಂದು ಕಂಪ್ಯೂಟರು ಕೈ ತೊಳೆದುಕೊಂಡಿದ್ದಕ್ಕೆ ಇಟ್ಟ ಮರ್ಯಾದೆಯ ಹೆಸರು ಅದು. ಊರು ಯಾವುದೆಂದು ನೋಡಿದರೆ ಮುಂಬೈ, ಪುಣೆ. ಅದನ್ನೂ ನಂಬುವಂತಿಲ್ಲ. ಗಡಿಯ ಈಚೆ ಅರ್ಧ ಜನ ಮಹಾರಾಷ್ಟ್ರದ ಮಿರಜದಲ್ಲಿ ಸಿಮ್ ಕೊಂಡವರು. ಕಾಗವಾಡದ ಕಟ್ಟೆಯ ಮೇಲೆ ಕುಳಿತು ಫೋನ್ ಒತ್ತಿದರೂ ವರದಿಯಲ್ಲಿ ಮುಂಬೈಯವರಾಗಿಬಿಡುತ್ತಾರೆ.

ಇಷ್ಟು ಜನ ನೋಡಿಯೂ ಕಚೇರಿಗೆ ಒಂದೇ ಒಂದು ಫೋನ್ ಇಲ್ಲ. ಕನ್ಯೆ ನೋಡಲು ಬಂದವರು ಹೀಗೆ ತುಟಿ ಬಿಚ್ಚದೆ ಎದ್ದು ಹೋಗುತ್ತಾರೆಯೇ? ಯಾರೋ ಅಕ್ಕನ ಫೋಟೋ ಹಂಚಿ ನಗುತ್ತಿದ್ದಾರೆ ಎನಿಸಿತು ಮಯೂರಿಗೆ. ವೆಬ್‌ಸೈಟ್ ಕಟ್ಟಿಕೊಟ್ಟ ನಿಪ್ಪಾಣಿಯ ಶ್ರೇಣಿಕನಿಗೆ ಫೋನ್ ಮಾಡಿದಳು.

"ವಾಟ್ಸಾಪ್‌ನಾಗಿನ ಲಿಂಕ್ ಒತ್ತಿ ಬಂದವರ ಸುಳಿವು ವರದಿಗೆ ಸಿಗೂದಿಲ್ರಿ," ಎಂದ ಅವನು. "ನೀವು ಕಳಿಸೋ ಒಂದೊಂದು ವಾಟ್ಸಾಪ್ ಗುಂಪಿಗೆ ಒಂದೊಂದು ಬ್ಯಾರೆ ಲಿಂಕ್ ಮಾಡಿ ಕಳಸ್ರಿ. ಯಾರಿಂದ ಹರಡಾಕತ್ತೈತಿ ತಿಳೀತೈತಿ."

ಹಾಗೇ ಮಾಡಿದಳು. ಆ ಲಿಂಕುಗಳಿಂದ ನಾಲ್ಕು ಜನ ಬಂದರೆ ಹೆಚ್ಚು. 'ಡೈರೆಕ್ಟ್' ಮಾತ್ರ ತನ್ನ ಪಾಡಿಗೆ ತಾನು ಬೆಳೆಯುತ್ತಲೇ ಇತ್ತು. ಕೊನೆಗೆ ಅವಳಿಗೆ ರೇಗಿಹೋಯಿತು. ಯಂತ್ರ ಹೇಳದಿದ್ದರೆ ಬಂದವರನ್ನೇ ಕೇಳಿದರಾಯಿತೆಂದು ಪುಟದ ಮೇಲ್ಗಡೆ ಒಂದು ಪ್ರಶ್ನೆ ಹಾಕಿದಳು: ಈ ಲಿಂಕ್ ನಿಮಗೆ ಕಳಿಸಿದವರು ಯಾರು?

ಮರುದಿನವೇ ಉತ್ತರಗಳು ಬಂದವು. ರಾಯಬಾಗದಿಂದ, ಚಿಕ್ಕೋಡಿಯಿಂದ, ಸಾಂಗಲಿಯಿಂದ, ಎಲ್ಲರದೂ ಒಂದೇ ಮಾತು. ಕಾಗವಾಡದ ಮಂಗಲಾ ಕಾಕೂ.

ಯಾರಿಗೆ ಗೊತ್ತಾಗಬಾರದೆಂದಿತ್ತೋ ಅವರೇ ಊರೂರಿಗೆ ಹಂಚುತ್ತಿದ್ದಾರೆ. ಸೊಸೆಯ ಮಾನ ಕಳೆಯಲಿಕ್ಕೋ? ಮಯೂರಿ ಸಿಕ್ಕ ಬಸ್ಸು ಹತ್ತಿ ಕಾಗವಾಡಕ್ಕೆ ಹೋದಳು. ಮಂಗಲಾಬಾಯಿ ಪಡಸಾಲೆಯಲ್ಲಿ ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದರು.

"ಮಾವಶಿ, ಅಕ್ಕನ ಫೋಟೋ ಎಲ್ಲಾರಿಗೂ ಕಳಿಸಾಕತ್ತೀರಂತಲ್ರಿ?"

"ಹೌದವಾ, ಕಳಿಸೇನಿ." ಮಂಗಲಾಬಾಯಿ ಮುಚ್ಚುಮರೆ ಮಾಡಲಿಲ್ಲ. "ಸತ್ತಿ ಊರಾಗಿನ ನನ್ನ ತಂಗಿ ಈಕಿ ಪುಟ ತೋರ್ಸಿದ್ಲು, ಆಕೀ ಗುಂಪಿಗೆ ಬಂದಿತ್ತಂತ. ನನ್ನ ಮಗಾ ಹ್ವಾದಾ, ಈಕಿ ಯಾಕ ಒಬ್ಬಾಕೀನ ಇರಬೇಕು? ನನಗ ಗುರ್ತಿದ್ದ ಮಂದಿಗೆಲ್ಲಾ ಕಳಿಸೇನಿ."

ಮಯೂರಿ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಸಿಟ್ಟಿಗೆ ಜಾಗವೇ ಇಲ್ಲದಾಯಿತು. "ಮತ್ತ ಒಬ್ಬರೂ ನಮಗ ಫೋನ್ ಮಾಡಿಲ್ಲಲ್ರಿ?"

"ಹೆಂಗ ಮಾಡ್ತಾರ? ಮೊದ್ಲ ನನಗ ಮಾಡ್ರಿ ಅಂತ ಲಿಂಕಿನ ಕೆಳಗ ಬರದೇನಿ. ಭಾಳ ಮಂದಿ ಮಾಡಿದ್ರು. ಎಲ್ಲಾರಿಗೂ ಬ್ಯಾಡಂತ ಹೇಳೇನಿ."

ಕರೆಯುವವರೂ ಇವರೇ, ಬಾಗಿಲಿನಿಂದ ಹಿಂದಕ್ಕೆ ಕಳಿಸುವವರೂ ಇವರೇ. ಮಯೂರಿಗೆ ಕಂಪ್ಯೂಟರಿನ ವರದಿಯೇ ಮೇಲು ಅನಿಸಿತು. "ಯಾಕ್ರಿ?" ಎಂದಳು.

"ಒಬ್ಬಾಂವ ಕುಡಿತಾನ. ಇನ್ನೊಬ್ಬಾಂವಗ ಅಡಗಿ ಮಾಡಾಕ ಆಳು ಬೇಕಾಗೈತಿ, ಅಷ್ಟ."

"ಬಂದವರೆಲ್ಲಾ ಹಂಗ ಇದ್ರೇನ್ರಿ?"

ಮಂಗಲಾಬಾಯಿ ಕಡ್ಡಿ ಬಿಡಿಸುವುದನ್ನು ನಿಲ್ಲಿಸಿದರು. ತೋಟದಿಂದ ಬಂದ ಸುಗಂಧಾ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. ಈಗ ಪುಟ ತೆಗೆ ಅನ್ನುತ್ತಾಳೆ ಎಂದುಕೊಂಡಳು ಮಯೂರಿ.

"ಇರ್ಲಿ ಬಿಡು, ತಗೀಬ್ಯಾಡ," ಎಂದಳು ಸುಗಂಧಾ. ಆಮೇಲೆ ಅತ್ತೆಯ ಮುಂದೆ ಬಂದು ಕುಳಿತಳು. "ಆಯಿ, ಫೋನ್ ನನ್ನ ಕೈಯಾಗ ಕೊಡ್ರಿ. ಇನ್ನ ಮ್ಯಾಲ ನಾನ ಮಾತಾಡ್ತೀನಿ."

ಮಂಗಲಾಬಾಯಿ ಕೊಟ್ಟರು. ಕೊಟ್ಟ ಮೇಲೂ ಬೆರಳು ಬಿಡಲು ತುಸು ಹೊತ್ತು ಹಿಡಿಯಿತು.

"ಇಚಲಕರಂಜಿಯಿಂದ ವೃಷಭ ಅಂತ ಒಬ್ಬಾಂವ ಮಾಡಿದ್ದ. ಅವಂಗ ನೀನ ಫೋನ್ ಮಾಡು," ಎಂದರು. "ನಾ ಎಲ್ಲಾ ಕಡೆ ವಿಚಾರ್ಸೇನಿ. ಭಾಳ ಚಲೋ ಮನಷ್ಯಾ."

"ಮತ್ತ ಅವಂಗ್ಯಾಕ ಬ್ಯಾಡಂದ್ರಿ?" ಮಯೂರಿ ಕೇಳಿದಳು.

ಮಂಗಲಾಬಾಯಿ ಸೊಸೆಯ ಮುಖ ನೋಡಲಿಲ್ಲ.

"ಅವನನ್ನ ನೋಡಿದ್ರ ಈಕಿ ಹೂಂ ಅಂತಿದ್ಲು," ಎಂದರು.